ಮೋಟಿವೇಶನ್ ಎಂಬ ಮುಳ್ಳುಗೋಲು

ಮನುಷ್ಯರನ್ನು ಎಬ್ಬಿಸಿ, ಹುರಿದುಂಬಿಸಿ, ಕೆಲಸಕ್ಕೆ ಹಚ್ಚುವುದನ್ನು ಹೇಳಲು ಇಂಗ್ಲಿಷಿನಲ್ಲಿ ಕ್ರಿಯಾಪದಗಳ ದಂಡೇ ಇದೆ. ರೌಸ್, ಗೋಡ್, ಸ್ಪರ್, ಇನ್‌ಸೈಟ್, ಇನ್‌ಸ್ಟಿಗೇಟ್, ಸ್ಟಿಮ್ಯುಲೇಟ್, ಇನ್‌ಸ್ಪೈರ್, ಎನ್‌ಕರೇಜ್, ಟ್ರಿಗರ್, ಗ್ಯಾಲ್ವನೈಸ್, ಮೊಬಿಲೈಸ್: ಒಂದೊಂದರ ಹದ ಬೇರೆ, ತೂಕ ಬೇರೆ. ಇನ್‌ಸ್ಪೈರ್ ಮಾಡಿದವರ ಕೊರಳಿಗೆ ಹಾರ ಬೀಳುತ್ತದೆ. ಇನ್‌ಸ್ಟಿಗೇಟ್ ಮಾಡಿದವರ ಮೇಲೆ ಮೊಕದ್ದಮೆ ಬೀಳುತ್ತದೆ. ಆದರೆ ಕಳೆದ ಸುಮಾರು ನೂರು ವರ್ಷಗಳಲ್ಲಿ ಈ ದಂಡನ್ನೆಲ್ಲ ಹಿಂದಕ್ಕೆ ತಳ್ಳಿ ಒಂದೇ ಪದ ಗಾದಿಯೇರಿ ಕುಳಿತಿದೆ. ಅದು ಮೋಟಿವೇಟ್. ಕಚೇರಿ, ಕಾಲೇಜು, ಕೋಚಿಂಗ್ ಕೇಂದ್ರ, ಕ್ರೀಡಾಂಗಣ ಎಲ್ಲೆಡೆ ಅದರದೇ ಆಳ್ವಿಕೆ. ಕನ್ನಡದಲ್ಲೂ ‘ಮೋಟಿವೇಟ್ ಮಾಡು’ ಎಂಬುದು ಮನೆಮಾತಾಗಿದೆ.

ಈ ಪದದ ಬೆನ್ನಿಗೆ ಮೂರು ನಂಬಿಕೆಗಳು ನಿಂತಿವೆ. ಮೋಟಿವೇಶನ್ ಎಂಬುದು ಒಂದು ವಸ್ತು. ಅದನ್ನು ಇದ್ದವರು ಇಲ್ಲದವರಿಗೆ ಕೊಡಬಹುದು. ಕೆಲಸ ಕೆಟ್ಟರೆ ಮಾಡುವವರಲ್ಲಿ ಆ ವಸ್ತುವಿನ ಕೊರತೆಯಿದೆ ಎಂದೇ ಅರ್ಥ. ಈ ಮೂರನ್ನೂ ಪ್ರಶ್ನಿಸುವವರು ವಿರಳ. ಮೂರೂ ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಸಹಿಸಬಹುದಿತ್ತು, ಅವು ದುಡಿಯುವವರಿಗೂ ಓದುವವರಿಗೂ ಹಾನಿ ಮಾಡುವ ಸುಳ್ಳುಗಳು.

ಮೊದಲು ಪದಗಳ ಹುಟ್ಟನ್ನು ನೋಡಬೇಕು. ಗೋಡ್ ಎಂದರೆ ಎತ್ತನ್ನು ತಿವಿಯುವ ಮುಳ್ಳುಗೋಲು. ಆರ್ಥಿಕ ತಜ್ಞರು ಗಂಭೀರವಾಗಿ ಉಚ್ಚರಿಸುವ ಸ್ಟಿಮ್ಯುಲಸ್ ಲ್ಯಾಟಿನಿನಲ್ಲಿ ಅದೇ ಮುಳ್ಳುಗೋಲಿನ ಹೆಸರು. ಇನ್‌ಸ್ಟಿಗೇಟ್ ಎಂಬುದರ ಬೇರಿನಲ್ಲೂ ಚುಚ್ಚುವ ಅರ್ಥವೇ ಇದೆ. ಸ್ಪರ್ ಎಂದರೆ ಸವಾರನ ಹಿಮ್ಮಡಿಗೆ ಕಟ್ಟಿದ, ಕುದುರೆಯ ಪಕ್ಕೆಗೆ ಒತ್ತುವ ಲೋಹದ ಮೊನೆ. ರೌಸ್ ಬಂದದ್ದು ಬೇಟೆಗಾರರ ಬಾಯಿಂದ: ಪೊದೆಯಲ್ಲಿ ಅಡಗಿದ ಪ್ರಾಣಿಯನ್ನು ಬೆದರಿಸಿ ಹೊರಗೆಬ್ಬಿಸುವುದು. ಗ್ಯಾಲ್ವನೈಸ್ ಹುಟ್ಟಿದ್ದು ಇಟಲಿಯ ಬೊಲೊನ್ಯಾದ ಲುಯಿಜಿ ಗ್ಯಾಲ್ವಾನಿಯ ಹೆಸರಿನಿಂದ. 1791ರಲ್ಲಿ ಆತ ಪ್ರಕಟಿಸಿದ ಪ್ರಯೋಗಗಳಲ್ಲಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶಕ್ಕೆ ಅದುರಿತ್ತು. ಟ್ರಿಗರ್ ಬಂದೂಕಿನ ಕುದುರೆ. ಕಿಕ್‌ಸ್ಟಾರ್ಟ್ ಎಂದರೆ ಮೋಟಾರು ಸೈಕಲ್ಲಿಗೆ ಬಿದ್ದ ಒದೆ.

ಎತ್ತು, ಕುದುರೆ, ಬೇಟೆಯ ಪ್ರಾಣಿ, ಸತ್ತ ಕಪ್ಪೆ, ಬಂದೂಕು, ಮೋಟಾರು. ಈ ಪಟ್ಟಿಯಲ್ಲಿ ಮನುಷ್ಯ ಎಲ್ಲಿದ್ದಾನೆ? ಕೋಲು ಹಿಡಿದ ಕೈಯಲ್ಲಿ ಮಾತ್ರ. ತಿವಿಸಿಕೊಳ್ಳುವ ಕಡೆಗೆ ಅವನು ಬಂದದ್ದು ಆಮೇಲೆ, ಎತ್ತಿನ ಜಾಗ ತೆರವಾದಾಗ.

ಹುಟ್ಟಿನಿಂದ ಪದವನ್ನು ಅಳೆಯಬಾರದು, ಪದಗಳು ಹುಟ್ಟನ್ನು ಮರೆಯುತ್ತವೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದು ಸಾಮಾನ್ಯವಾಗಿ ಸರಿಯೇ. ಎಗ್ ಆನ್ ಎಂಬ ಮಾತಿಗೂ ಕೋಳಿಮೊಟ್ಟೆಗೂ ಸಂಬಂಧವಿಲ್ಲ. ಅದು ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಎಂಥೂಸಿಯಾಸಂ 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮತಾವೇಶಕ್ಕಿಟ್ಟ ಬೈಗುಳವಾಗಿತ್ತು, ಇಂದು ಹೊಗಳಿಕೆಯಾಗಿದೆ. ಆದರೆ ಪ್ರಚೋದನೆಯ ಪದಗಳು ತಮ್ಮ ಹುಟ್ಟನ್ನು ಮರೆತೇ ಇಲ್ಲ. ಆಡಳಿತದ ತರಗತಿಗಳಲ್ಲಿ ಇಂದಿಗೂ ನೌಕರರ ವಿಷಯ ಬಂದರೆ ‘ಕ್ಯಾರೆಟ್ಟೋ ಕೋಲೋ’ ಎಂಬ ಚರ್ಚೆ ನಡೆಯುತ್ತದೆ. ಕ್ಯಾರೆಟ್ಟಿನ ಆಸೆಗೆ ನಡೆಯುವುದು ಕತ್ತೆ. ಹೋಲಿಕೆ ಅಷ್ಟು ಹಳೆಯದಾದರೂ ಯಾರಿಗೂ ಮುಜುಗರವಾಗಿಲ್ಲವೆಂದರೆ ಹುಟ್ಟು ಮರೆತಿಲ್ಲವೆಂದೇ ಅರ್ಥ.

ಈ ದೃಷ್ಟಿ ಗ್ರಂಥಸ್ಥವಾಗಿಯೂ ಇದೆ. ‘ವೈಜ್ಞಾನಿಕ ಆಡಳಿತ’ದ ಪಿತಾಮಹನೆನಿಸಿದ ಅಮೆರಿಕದ ಎಫ್. ಡಬ್ಲ್ಯು. ಟೇಲರ್ 1911ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಕಬ್ಬಿಣದ ಗಟ್ಟಿ ಹೊರುವವರ ಕಥೆ ಹೇಳುತ್ತಾನೆ. ದಿನಕ್ಕೆ ಸುಮಾರು 12.5 ಟನ್ ಹೊರುತ್ತಿದ್ದ ಆಳು ಟೇಲರನ ಪದ್ಧತಿಯಲ್ಲಿ 47 ಟನ್ ಹೊತ್ತ. ಅವನ ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಹೊರೆ ನಾಲ್ಕು ಪಟ್ಟಿನ ಹತ್ತಿರಕ್ಕೆ ಹೋಯಿತು, ಕೂಲಿ ಎರಡು ಪಟ್ಟೂ ಆಗಲಿಲ್ಲ. ಇಂಥ ಕೆಲಸಕ್ಕೆ ಒಗ್ಗುವವನ ಮನಸ್ಸು ಎತ್ತಿನ ಮನಸ್ಸಿಗೆ ಹತ್ತಿರವಾಗಿರಬೇಕು ಎಂದು ಟೇಲರ್ ಯಾವ ಸಂಕೋಚವೂ ಇಲ್ಲದೆ ಬರೆದ. ಮುಳ್ಳುಗೋಲಿನ ಭಾಷೆ ತನ್ನ ಎತ್ತನ್ನು ಕೊನೆಗೂ ಕಾರ್ಖಾನೆಯಲ್ಲಿ ಹುಡುಕಿಕೊಂಡಿತು.

ಟೇಲರನಲ್ಲಿ ಒಂದು ಗುಣವಿತ್ತು: ಎತ್ತನ್ನು ಎತ್ತೆಂದೇ ಕರೆದ. ಅವನ ನಂತರದವರು ಅದನ್ನೂ ಬಿಟ್ಟರು. ಕೋಲು ಹಾಗೇ ಉಳಿಯಿತು, ಅದಕ್ಕೆ ರೇಷ್ಮೆ ಬಟ್ಟೆ ಸುತ್ತಲಾಯಿತು. ಆ ಬಟ್ಟೆಯೇ ಮೋಟಿವೇಟ್ ಎಂಬ ಪದ. ಮೋಟಿವ್ ಎಂಬ ನಾಮಪದ ಇಂಗ್ಲಿಷಿನಲ್ಲಿ ಹಳೆಯದು. ಮನುಷ್ಯನನ್ನು ಒಳಗಿನಿಂದ ನಡೆಸುವ ಕಾರಣ ಎಂದು ಅದರ ಅರ್ಥ. ಕೊಲೆಯ ಮೋಟಿವ್ ಏನೆಂದು ಪೊಲೀಸರು ಕೇಳುವಾಗ ಈ ಅರ್ಥ ಇಂದಿಗೂ ಜೀವಂತವಾಗಿದೆ. ಆ ಮೋಟಿವನ್ನು ಆರೋಪಿಗೆ ಯಾರು ಸರಬರಾಜು ಮಾಡಿದರು ಎಂದು ಯಾವ ಪೊಲೀಸರೂ ಕೇಳುವುದಿಲ್ಲ, ಅದು ಅವನದೇ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಾಮಪದಕ್ಕೆ ಬಾಲ ಕಟ್ಟಿ ಸಕರ್ಮಕ ಕ್ರಿಯಾಪದ ಮಾಡಿದಾಗ ಎಲ್ಲ ತಲೆಕೆಳಗಾಯಿತು. ಒಳಗಿದ್ದದ್ದು ಹೊರಗಿನಿಂದ ತುಂಬುವ ಸರಕಾಯಿತು. ಸರಕಾದ ಮೇಲೆ ಸಗಟು ವ್ಯಾಪಾರಿಗಳು ಬರದೆ ಇರುತ್ತಾರೆಯೇ? ಬಂದರು, ಮೋಟಿವೇಶನಲ್ ಸ್ಪೀಕರ್ ಎಂಬ ಫಲಕ ಹಾಕಿಕೊಂಡು ಬಂದರು.

ಈ ತಲೆಕೆಳಗನ್ನು ಆಡಳಿತಶಾಸ್ತ್ರದೊಳಗಿನವರೇ ಗುರುತಿಸಿದ್ದರು. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1968ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ನಾಯಿಮರಿಯ ಉದಾಹರಣೆ ಕೊಟ್ಟ. ಮರಿಯನ್ನು ಹಿಂದಿನಿಂದ ಒದ್ದರೂ ಅದು ಕದಲುತ್ತದೆ, ಮುಂದೆ ಬಿಸ್ಕತ್ತು ಹಿಡಿದರೂ ಕದಲುತ್ತದೆ. ಆದರೆ ಕದಲಬೇಕೆಂಬ ಆಸೆ ಇರುವುದು ಯಾರಿಗೆ? ಮರಿಗೆ ಬೇಕಾದದ್ದು ಬಿಸ್ಕತ್ತು. ಮರಿ ಕದಲುವುದು ಬೇಕಾಗಿರುವುದು ಯಜಮಾನನಿಗೆ. ಹಾಗಿದ್ದ ಮೇಲೆ ಮೋಟಿವೇಟ್ ಆಗಿರುವವನು ಯಜಮಾನನೇ ಹೊರತು ನಾಯಿಯಲ್ಲ. ಈ ಲೇಖನ ಆಡಳಿತ ಶಾಲೆಗಳಲ್ಲಿ ದಶಕಗಳಿಂದ ಪಾಠವಾಗುತ್ತಿದೆ. ಬಿಸ್ಕತ್ತು ಹಿಡಿಯುವುದೂ ದಶಕಗಳಿಂದ ನಿಂತಿಲ್ಲ.

ಮುಂದಿನ ಆರೋಪ ಇನ್ನೂ ಗಂಭೀರ: ಈ ಪದ ಒಳಿತು ಕೆಡುಕುಗಳ ಗಡಿಯನ್ನು ಅಳಿಸುತ್ತದೆ. ಉಸಿರೂದುವುದೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಇನ್‌ಸ್ಪೈರ್ ಬಂದಿದೆ. ಹೃದಯವೆಂಬ ಮಾತು ಎನ್‌ಕರೇಜ್‌ನೊಳಗಿದೆ. ಇನ್‌ಸೈಟ್, ಇನ್‌ಸ್ಟಿಗೇಟ್ ಎಂಬವು ದೊಂಬಿ, ದ್ವೇಷಗಳ ಜೊತೆಗೇ ಓಡಾಡುವ ಪದಗಳು. ಕನ್ನಡಕ್ಕೂ ಈ ಭೇದ ಚೆನ್ನಾಗಿ ಗೊತ್ತು. ಪ್ರೋತ್ಸಾಹ ಒಂದು, ಪ್ರಚೋದನೆ ಇನ್ನೊಂದು. ಒತ್ತಾಸೆ ಒಂದು, ಕುಮ್ಮಕ್ಕು ಇನ್ನೊಂದು. ಕಾನೂನು ಈ ಭೇದವಿಲ್ಲದೆ ಒಂದು ಹೆಜ್ಜೆಯೂ ಇಡಲಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದಕ್ಕೆ ಮುಂಚಿನ ದಂಡ ಸಂಹಿತೆಯೂ ಅಪರಾಧಕ್ಕೆ ಎತ್ತಿಕಟ್ಟುವುದನ್ನು ದುಷ್ಪ್ರೇರಣೆಯ ಮೊದಲ ಬಗೆಯಾಗಿ ಹೇಳುತ್ತವೆ. ಆ ‘ದುಷ್’ ಎಂಬ ಒಂದು ಉಪಸರ್ಗದ ಮೇಲೆ ಎಷ್ಟೋ ಮೊಕದ್ದಮೆಗಳು ನಿಂತಿವೆ. ಮೋಟಿವೇಟ್ ಎಂಬ ಪದದಲ್ಲಿ ಆ ಉಪಸರ್ಗಕ್ಕೆ ಜಾಗವೇ ಇಲ್ಲ. ಬಡಮಕ್ಕಳನ್ನು ಓದಿಗೆ ಹಚ್ಚಿದವರೂ ಯುವಕರ ಕೈಗೆ ಕಲ್ಲು ಕೊಟ್ಟವರೂ ‘ಯೂತ್ಸ್‌ನ ಮೋಟಿವೇಟ್ ಮಾಡಿದೆವು’ ಎಂದು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಬಹುದಾದರೆ, ಆ ವಾಕ್ಯದಿಂದ ಅನುಕೂಲವಾದದ್ದು ಯಾರಿಗೆ?

ಬಹುಮಾನದ ಮಾತಿಗೆ ಬಂದರೆ, ಅದು ಜನರನ್ನು ಕೆಲಸಕ್ಕೆ ಹಚ್ಚುತ್ತದೆ ಎಂಬ ಮತಕ್ಕೆ ವಿಜ್ಞಾನದ ಬೆಂಬಲವಿದೆ ಎಂಬ ಭ್ರಮೆಯೊಂದಿದೆ. ಪ್ರಯೋಗಗಳು ಹೇಳುವುದು ಬೇರೆಯೇ. 1971ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಎಂಬ ತುಂಡು ಜೋಡಿಸುವ ಒಗಟನ್ನು ಕೊಟ್ಟ. ಒಂದು ಗುಂಪಿಗೆ ಬಿಡಿಸಿದ ಪ್ರತಿ ಒಗಟಿಗೆ 1 ಡಾಲರ್ ಸಿಕ್ಕಿತು, ಮುಂದಿನ ಸರದಿಯಲ್ಲಿ ಆ ಹಣ ನಿಂತಿತು. ಹಣ ನಿಂತದ್ದೇ ತಡ, ಬಿಡುವಿನ ವೇಳೆಯಲ್ಲಿ ಒಗಟಿನ ಕಡೆ ಅವರ ಒಲವು ಮೊದಲಿಗಿಂತ ಕುಗ್ಗಿತು. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಬಣ್ಣದ ಪೆನ್ನುಗಳಿಂದ ಖುಷಿಯಾಗಿ ಚಿತ್ರ ಬಿಡಿಸುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡು ಅದನ್ನು ಪಡೆದ ಮಕ್ಕಳು ಕೆಲವು ದಿನಗಳ ನಂತರ ಆ ಪೆನ್ನುಗಳ ಜೊತೆ ಕಳೆದ ಸಮಯ ಉಳಿದ ಮಕ್ಕಳ ಅರ್ಧದಷ್ಟಕ್ಕೆ ಇಳಿಯಿತು. ಪ್ರೀತಿಯಿಂದ ಮಾಡುತ್ತಿದ್ದದ್ದು ಪತ್ರಕ್ಕಾಗಿ ಮಾಡುವ ಕೆಲಸವಾಯಿತು. ಪತ್ರ ಕೈಗೆ ಬಂತು, ಕೆಲಸ ಮುಗಿಯಿತು.

ಬಹುಮಾನದ ಇನ್ನೊಂದು ಮುಖವಾದ ದಂಡವೂ ಇದೇ ದಾರಿ ಹಿಡಿಯಿತು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ತಂದೆತಾಯಿಗಳಿಗೆ ದಂಡ ಹಾಕಿದಾಗ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡು ಪಟ್ಟಾದರು. ದಂಡ ತೆಗೆದುಹಾಕಿದ ಮೇಲೂ ಮೊದಲಿನ ಸ್ಥಿತಿ ಮರಳಲಿಲ್ಲ. ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕಿನಿ ಇದನ್ನು 2000ದಲ್ಲಿ ಪ್ರಕಟಿಸಿದರು. ಕಾಯುತ್ತಿರುವ ಶಿಕ್ಷಕಿಯ ಬಗ್ಗೆ ಇದ್ದ ಸಂಕೋಚಕ್ಕೆ ಬೆಲೆಚೀಟಿ ಅಂಟಿದೊಡನೆ ಸಂಕೋಚ ಹೋಯಿತು, ಬೆಲೆ ಉಳಿಯಿತು. ಮನುಷ್ಯರ ಒಳಗೆ ಮೊದಲೇ ಇದ್ದ ಕಾರಣವನ್ನು ಹೊರಗಿನ ಕಾರಣ ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ?

ಇನ್ಸೆಂಟಿವ್ ಎಂಬ ಪದಕ್ಕೆ ಬಂದ ಗತಿಯೂ ಇಂಥದ್ದೇ. ಲ್ಯಾಟಿನಿನಲ್ಲಿ ಅದು ಹಾಡಿಗೆ ಸೇರಿದ ಮಾತು. ಶ್ರುತಿ ಹಿಡಿದು ರಾಗ ಎತ್ತಿಕೊಡುವುದೆಂದು ಅದರ ಮೂಲಾರ್ಥ. 20ನೆಯ ಶತಮಾನದಲ್ಲಿ ಅದು ಸಂಬಳದ ಚೀಟಿಗೆ ಬಂದು ಸೇರಿತು. ಕನ್ನಡದಲ್ಲಿ ಅದಕ್ಕೆ ಪ್ರೋತ್ಸಾಹಧನ ಎಂಬ ಹೆಸರಾಯಿತು, ಮತ್ತು ಈ ಹೆಸರು ಕರ್ನಾಟಕದಲ್ಲಿ ಮಾಡುತ್ತಿರುವ ಅನ್ಯಾಯ ಕಣ್ಣೆದುರಿಗೇ ಇದೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 2005ರಲ್ಲಿ ಶುರುವಾದ ಆಶಾ ಯೋಜನೆಯ ಕಾರ್ಯಕರ್ತೆಯರು ಗರ್ಭಿಣಿಯರನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಮಕ್ಕಳಿಗೆ ಲಸಿಕೆ ಹಾಕಿಸುತ್ತಾರೆ. ಕೋವಿಡ್ ಕಾಲದಲ್ಲಿ ಮನೆಮನೆ ಬಾಗಿಲು ತಟ್ಟಿದವರೂ ಅವರೇ. ಕಡತಗಳಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಿಗುವುದು ವೇತನವಲ್ಲ, ಪ್ರೋತ್ಸಾಹಧನ ಮತ್ತು ಗೌರವಧನ. ಹೆಸರಿನಲ್ಲಿ ಉತ್ಸಾಹವಿದೆ, ಗೌರವವೂ ಇದೆ. ವೇತನವೆಂಬ ಪದ ಮಾತ್ರ ಇಲ್ಲ. ವೇತನವೆಂದರೆ ಅದು ಹಕ್ಕಾಗುತ್ತದೆ, ಕನಿಷ್ಠ ಮಿತಿ ಬರುತ್ತದೆ, ನಿವೃತ್ತಿಯ ಪ್ರಶ್ನೆ ಏಳುತ್ತದೆ. ಪ್ರೋತ್ಸಾಹಕ್ಕೆ ಈ ತೊಡಕುಗಳಿಲ್ಲ. ಬೆನ್ನು ತಟ್ಟಿದ ಕೈ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.

ಹಾಲಿನ ವಿಷಯವೂ ಹೀಗೆಯೇ. ರಾಜ್ಯದ ಹೈನುಗಾರರಿಗೆ ಲೀಟರಿಗೆ 5 ರೂಪಾಯಿಯಂತೆ ಸರ್ಕಾರ ಕೊಡುವ ಹಣದ ಹೆಸರೂ ಪ್ರೋತ್ಸಾಹಧನವೇ. ನಸುಕಿನಲ್ಲೆದ್ದು ಹಿಂಡಿ ಕಲಸಿ, ಸಗಣಿ ಬಾಚಿ, ಹಾಲು ಕರೆದು ಡೇರಿಯ ಮುಂದೆ ಸಾಲು ನಿಲ್ಲುವ ಹೆಣ್ಣುಮಗಳಿಗೆ ಇಲ್ಲದ ಉತ್ಸಾಹ ಯಾವುದು? ಅವಳಿಗೆ ಬೇಕಾದದ್ದು ಬೆಲೆ. ಬೆಲೆಯ ಕೊರತೆಯನ್ನು ಉತ್ಸಾಹದ ಕೊರತೆಯೆಂದು ಬರೆದುಕೊಂಡರೆ ಕೊಡುವವರು ದಾನಿಗಳಾಗುತ್ತಾರೆ, ಬೆಳಗ್ಗೆ ಐದಕ್ಕೆ ಎದ್ದವರು ಸೋಮಾರಿಗಳಾಗುತ್ತಾರೆ.

ಎಲ್ಲಕ್ಕಿಂತ ದೊಡ್ಡ ಹಾನಿ ಇದೇ: ಹೊಣೆಯ ವರ್ಗಾವಣೆ. ಕಾರ್ಖಾನೆಯಲ್ಲಿ ಉತ್ಪಾದನೆ ಕುಸಿದರೆ ಕಾರ್ಮಿಕರಲ್ಲಿ ಮೋಟಿವೇಶನ್ ಇಲ್ಲ. ಹತ್ತನೆಯ ತರಗತಿಯ ಫಲಿತಾಂಶ ಇಳಿದರೆ ಮಕ್ಕಳಲ್ಲಿ ಮೋಟಿವೇಶನ್ ಇಲ್ಲ. ಗಣಿತಕ್ಕೆ ಶಿಕ್ಷಕರಿಲ್ಲ, ಹಳ್ಳಿಗೆ ಬಸ್ಸಿಲ್ಲ, ಶೌಚಾಲಯಕ್ಕೆ ನೀರಿಲ್ಲ ಎಂಬವು ವರದಿಯ ಕೊನೆಯ ಪುಟಕ್ಕೂ ಬರುವುದಿಲ್ಲ. ಪರಿಹಾರವಾಗಿ ಪರೀಕ್ಷೆಗೆ ತಿಂಗಳಿರುವಾಗ ಒಬ್ಬ ಭಾಷಣಕಾರರನ್ನು ಕರೆಸಿ, ಮಕ್ಕಳನ್ನು ಶಾಮಿಯಾನದ ಕೆಳಗೆ ಕೂರಿಸಿ ‘ನನ್ನಿಂದ ಸಾಧ್ಯ’ ಎಂದು ಮೂರು ಸಲ ಕೂಗಿಸಲಾಗುತ್ತದೆ. ಇಂಥ ತರಬೇತಿಗಳಲ್ಲಿ ಮನುಷ್ಯನ ಅಗತ್ಯಗಳನ್ನು ಒಂದರ ಮೇಲೊಂದು ಜೋಡಿಸಿದ, ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊನ ಹೆಸರಿನ ಪಿರಮಿಡ್ಡಿನ ಚಿತ್ರ ತೋರಿಸುವುದು ವಾಡಿಕೆ. 1943ರ ಅವನ ಮೂಲ ಪ್ರಬಂಧದಲ್ಲಿ ಪಿರಮಿಡ್ಡೇ ಇಲ್ಲ. ಇರುವುದು ಹಸಿವು, ಸುರಕ್ಷತೆಗಳು ಮೊದಲು ತೀರಬೇಕೆಂಬ ಮಾತು. ಭಾಷಣಕಾರರ ಕೋಲು ಮಾತ್ರ ಸದಾ ಚಿತ್ರದ ತುದಿಯನ್ನೇ ತೋರಿಸುತ್ತದೆ.

ಶಾಮಿಯಾನದ ಆ ಆವೇಶಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ: ಉತ್ತರನ ಪೌರುಷ ಒಲೆಯ ಮುಂದೆ. ಮಹಾಭಾರತದಲ್ಲಿ ವಿರಾಟನ ಮಗ ಉತ್ತರ ಹೆಂಗಸರ ನಡುವೆ ಕುಳಿತು ಕೌರವಸೇನೆಯನ್ನು ಮಾತಿನಲ್ಲೇ ಸೋಲಿಸಿಬಿಟ್ಟಿದ್ದ. ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಹಾರಿ ಓಡಿದ. ಇದಕ್ಕೆ ಎದುರಾಗಿ ನಿಲ್ಲುವವನು ರಾಮಾಯಣದ ಜಾಂಬವಂತ. ಕಡಲ ದಂಡೆಯಲ್ಲಿ ಸುಮ್ಮನೆ ಕುಳಿತಿದ್ದ ಹನುಮಂತನಿಗೆ ಅವನು ಬಹುಮಾನದ ಆಸೆ ತೋರಿಸಲಿಲ್ಲ, ಘೋಷಣೆ ಕೂಗಿಸಲಿಲ್ಲ. ಅವನೊಳಗೇ ಇದ್ದ ಬಲವನ್ನು ನೆನಪಿಸಿದ, ಅಷ್ಟೆ. ನೆಗೆತ ಹನುಮಂತನದು, ಕೀರ್ತಿಯೂ ಹನುಮಂತನದು. ಈಗಿನ ಕಾಲವಾಗಿದ್ದರೆ ಜಾಂಬವಂತನ ವಿಸಿಟಿಂಗ್ ಕಾರ್ಡಿನಲ್ಲಿ ‘ಸಮುದ್ರೋಲ್ಲಂಘನ ಖ್ಯಾತಿಯ ಮೋಟಿವೇಟರ್’ ಎಂದು ಅಚ್ಚಾಗಿರುತ್ತಿತ್ತು.

ಇನ್ನು ಕನ್ನಡಕ್ಕಾದ ನಷ್ಟ. ಬೇರೆ ಭಾಷೆಯ ಪದ ಬಂದದ್ದು ತಪ್ಪಲ್ಲ. ಬಸ್ಸು, ರೈಲು, ಬ್ಯಾಂಕು ಬಂದು ಯಾವ ಕನ್ನಡ ಪದವನ್ನೂ ಮನೆಯಿಂದ ಓಡಿಸಲಿಲ್ಲ. ಮೋಟಿವೇಟ್ ಹಾಗಲ್ಲ. ಹುರಿದುಂಬಿಸು, ಬೆನ್ನು ತಟ್ಟು, ಧೈರ್ಯ ತುಂಬು, ಒತ್ತಾಸೆಯಾಗು, ಎಚ್ಚರಿಸು, ಬಿಸಿ ಮುಟ್ಟಿಸು, ಪುಸಲಾಯಿಸು, ಆಸೆ ತೋರಿಸು, ಕೆಣಕು, ಕೆರಳಿಸು, ಎತ್ತಿಕಟ್ಟು, ಚಿತಾವಣೆ ಮಾಡು: ಇಷ್ಟು ಬೇರೆ ಬೇರೆ ಕೆಲಸಗಳಿಗೆ ಇದ್ದ ಇಷ್ಟು ಪದಗಳ ಜಾಗವನ್ನು ಅದೊಂದೇ ಆಕ್ರಮಿಸಿದೆ. ಪುಸಲಾಯಿಸಿದ್ದನ್ನು ಪುಸಲಾಯಿಸಿದ್ದೆಂದು ಹೇಳಿದರೆ ಮೋಸ ಬಯಲಾಗುತ್ತದೆ. ಮೋಟಿವೇಟ್ ಮಾಡಿದ್ದೆಂದರೆ ಪ್ರಮಾಣಪತ್ರ ಸಿಗುತ್ತದೆ. ಇಂಗ್ಲಿಷ್ ತರಗತಿಗಳಲ್ಲೂ ಈ ಕ್ರಿಯಾಪದಗಳನ್ನೆಲ್ಲ ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಬರೆಸಿ, ಎಲ್ಲಕ್ಕೂ ‘ಪ್ರೇರೇಪಿಸು’ ಎಂಬ ಒಂದೇ ಅರ್ಥ ಕೊಟ್ಟು ಬಾಯಿಪಾಠ ಮಾಡಿಸುವುದುಂಟು. ಹಾಗೆ ಕಲಿತವರಿಗೆ ಗುರುವಿಗೂ ಗಲಭೆಕೋರನಿಗೂ ವ್ಯತ್ಯಾಸ ಕಾಣಿಸುವುದಾದರೂ ಹೇಗೆ?

ಕನ್ನಡದ ವ್ಯಾಕರಣ ಈ ವಿಷಯದಲ್ಲಿ ಎಷ್ಟೋ ಪ್ರಾಮಾಣಿಕ. ಅದರ ಪ್ರೇರಣಾರ್ಥಕ ಕ್ರಿಯಾಪದಗಳು ‘ಇಸು’ ಸೇರಿ ಹುಟ್ಟುತ್ತವೆ: ಮಾಡು ಮಾಡಿಸು, ಬರೆ ಬರೆಸು, ಓದು ಓದಿಸು. ‘ತಾಯಿ ಮಗನಿಂದ ಕಾಗದ ಬರೆಸಿದಳು’ ಎಂಬ ವಾಕ್ಯದಲ್ಲಿ ಬರೆಸಿದವಳೂ ಇದ್ದಾಳೆ, ಬರೆದವನೂ ಇದ್ದಾನೆ, ಬರೆದ ಕಾಗದವೂ ಇದೆ. ‘ತಾಯಿ ಮಗನನ್ನು ಮೋಟಿವೇಟ್ ಮಾಡಿದಳು’ ಎಂಬುದರಲ್ಲಿ ಏನಿದೆ? ಯಾವ ಕೆಲಸಕ್ಕೆ, ಯಾವ ಬಗೆಯಲ್ಲಿ, ಕೊನೆಗೆ ಆ ಕೆಲಸ ಆಯಿತೇ ಎಂಬ ಒಂದಕ್ಕೂ ಉತ್ತರವಿಲ್ಲ.

ಈ ಪೊಳ್ಳುತನ ಶುದ್ಧ ಕನ್ನಡದ ವೇಷವನ್ನೂ ಹಾಕುತ್ತದೆ. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ನಿತ್ಯವೂ ಕಾಣುವ ‘ಚಾಲನೆ’ ಎಂಬ ಪದ ಅದಕ್ಕೆ ನಿದರ್ಶನ. ಕಾಮಗಾರಿಗೆ ಚಾಲನೆ, ಅಭಿಯಾನಕ್ಕೆ ಚಾಲನೆ, ಜಾಥಾಕ್ಕೆ ಚಾಲನೆ. ಚಾಲನೆಯೆಂದರೆ ಚಲಿಸುವಂತೆ ಮಾಡುವುದು. ಗುದ್ದಲಿ ಪೂಜೆಯ ತೆಂಗಿನಕಾಯಿ ಒಡೆದು, ಛಾಯಾಚಿತ್ರ ತೆಗೆದು, ಹೊರಟುಹೋದ ಮೇಲೆ ಅಲ್ಲಿ ಚಲಿಸುವುದು ಗಣ್ಯರ ಕಾರುಗಳು ಮಾತ್ರ. ಚಾಲನೆ ಸಿಕ್ಕ ರಸ್ತೆ ಮೂರು ಮಳೆಗಾಲ ಕಳೆದರೂ ಜಲ್ಲಿ ಕಾಣದೆ ಬಿದ್ದಿರುತ್ತದೆ. ಮಾಡಿದವರ ಹೆಸರಿದ್ದು ಮಾಡಿದ ಕೆಲಸವಿಲ್ಲದ ಕ್ರಿಯಾಪದಗಳಿಗೆ ಯಾವ ಭಾಷೆಯೂ ಹೊರತಲ್ಲ.

ಆದ್ದರಿಂದ ಪದವೊಂದನ್ನು ಗಡಿಪಾರು ಮಾಡಿದರೆ ಸಾಲದು, ಅದು ಮುಚ್ಚಿಟ್ಟಿರುವ ಪ್ರಶ್ನೆಗಳನ್ನು ಹೊರಗೆಳೆಯಬೇಕು. ಬೆಲೆಯನ್ನು ಬೆಲೆಯೆಂದೂ ವೇತನವನ್ನು ವೇತನವೆಂದೂ ಕಡತಗಳು ಬರೆಯಬೇಕು. ಶಾಲೆಗಳು ಭಾಷಣಕ್ಕೆ ಮೀಸಲಿಟ್ಟ ಹೊತ್ತನ್ನು ಪಾಠಕ್ಕೆ ಕೊಡಬೇಕು. ಪತ್ರಿಕೆಗಳು ಚಾಲನೆಯ ಸುದ್ದಿ ಬಿಟ್ಟು ಮುಗಿದ ಕೆಲಸದ ಸುದ್ದಿ ಬರೆಯಬೇಕು. ಇಂಗ್ಲಿಷ್ ಕಲಿಸುವವರು ಇನ್‌ಸ್ಪೈರ್, ಇನ್‌ಸೈಟ್‌ಗಳನ್ನು ಒಂದೇ ಸಾಲಿನಲ್ಲಿ ಬರೆಸುವುದನ್ನು ನಿಲ್ಲಿಸಬೇಕು. ಮತ್ತು ಯಾರಾದರೂ ಎಲ್ಲಾದರೂ ಪ್ರೇರಣೆಯ ಮಾತೆತ್ತಿದಾಗ ಪ್ರಾಥಮಿಕ ಶಾಲೆಯಲ್ಲಿ ಕಲಿತ ಮೊದಲ ನಾಲ್ಕು ವಿಭಕ್ತಿಗಳನ್ನು ಅವರ ಮುಂದಿಡಬೇಕು. ಯಾರು? ಯಾರನ್ನು? ಯಾವುದರಿಂದ? ಯಾವ ಕೆಲಸಕ್ಕೆ? ಈ ನಾಲ್ಕಕ್ಕೂ ಉತ್ತರವಿದ್ದರೆ ಅದು ಪ್ರೇರಣೆ. ಮೊದಲನೆಯದಕ್ಕೆ ಮಾತ್ರ ಉತ್ತರವಿದ್ದರೆ ಅದು ಮುಳ್ಳುಗೋಲು.